ವಿಸ್ಕಿಯಲ್ಲಿ ನಿಮ್ಮ ರುಚಿ ಯಾವುದು: ನೀರು, ಐಸ್, ಅಳತೆ ಸರಿಪಡಿಸಿಕೊಳ್ಳುವ ಸಮಗ್ರ ಮಾರ್ಗದರ್ಶಿ

"ಸುಡತೈತ್ರಿ, ರುಚಿನ ತಿಳಿಯಂಗಿಲ್ಲ." ಹುಬ್ಬಳ್ಳಿ, ಧಾರವಾಡ, ಗದಗ, ಹಾವೇರಿ ಕಡೆ ಮೊದಲ ಬಾರಿ ಚಲೋ ಬಾಟಲಿ ಕೊಂಡವರ ಬಾಯಲ್ಲಿ ಕೇಳುವ ಮಾತು ಇದು. ಆಮೇಲೆ ಆ ಬಾಟಲಿಗೆ ಕೋಲಾ ಸುರಿದು ಮುಗಿಸುತ್ತಾರೆ, ಇಲ್ಲವೇ ಯಾರಿಗೋ ಕೊಟ್ಟು ಕೈ ತೊಳೆದುಕೊಳ್ಳುತ್ತಾರೆ. ಬಾಟಲಿಯಲ್ಲಿ ತಪ್ಪಿರುವುದು ಕಡಿಮೆ. 35 ಡಿಗ್ರಿಯ ಕೋಣೆ, ಕ್ಲೋರಿನ್ ವಾಸನೆಯ ನೀರು, ಕೈಯಳತೆಯ ಪೆಗ್ಗು, ಪಕ್ಕದಲ್ಲಿ ಮಿರ್ಚಿ ಭಜಿ. ಈ ನಾಲ್ಕೂ ಒಟ್ಟಿಗೆ ಸೇರಿದ ಮೇಲೆ ಯಾವುದು ಕೆಡಿಸಿತು ಎಂದು ಹೇಳುವುದು ಯಾರಿಂದಲೂ ಆಗದು.

ಕೆಳಗಿನ ಹಂತಗಳು ಒಂದೇ ಕಟ್ಟಳೆಯ ಮೇಲೆ ನಿಂತಿವೆ: ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಹಂತಗಳ ಕ್ರಮ ತಪ್ಪಿಸಬೇಡಿ. ನೀರು ಸರಿಯಾಗದೆ ಅಳತೆಯ ಪರೀಕ್ಷೆ ಮಾಡಿದರೆ ಅದು ನೀರಿನ ಪರೀಕ್ಷೆಯಾಗುತ್ತದೆಯೇ ಹೊರತು ವಿಸ್ಕಿಯದ್ದಾಗುವುದಿಲ್ಲ.

ಶುರು ಮಾಡುವ ಮುನ್ನ

ಕರ್ನಾಟಕದಲ್ಲಿ 21 ತುಂಬದವರಿಗೆ ಮದ್ಯ ಮಾರುವಂತಿಲ್ಲ. ಗರ್ಭಿಣಿಯರು, ಯಕೃತ್ತಿನ ತೊಂದರೆ ಇರುವವರು, ನಿದ್ದೆ ಮಾತ್ರೆ ಅಥವಾ ಮೆಟ್ರೊನಿಡಜೋಲ್‌ನಂಥ ಔಷಧಿ ತೆಗೆದುಕೊಳ್ಳುತ್ತಿರುವವರು ಇದರ ಗೋಜಿಗೆ ಹೋಗಬಾರದು. ಸಕ್ಕರೆ ಕಾಯಿಲೆಗೆ ಮಾತ್ರೆ ಅಥವಾ ಇನ್ಸುಲಿನ್ ನಡೆದಿದ್ದರೆ ಡಾಕ್ಟರನ್ನು ಕೇಳದೆ ಮುಟ್ಟಬೇಡಿ. ಕುಡಿಯದವರು ಈ ಲೇಖನ ಓದಿ ಶುರು ಮಾಡಬೇಕಾದ ಯಾವ ಕಾರಣವೂ ಇಲ್ಲ.

ಬೇಕಾದ ಸಾಮಾನು: ಒಂದೇ ನಮೂನೆಯ ಐದು ಸಣ್ಣ ಗಾಜಿನ ಗ್ಲಾಸು, ಬಾಯಿ ಕಿರಿದಾದ ಒಂದು ಗ್ಲಾಸು, ಔಷಧಿ ಅಂಗಡಿಯಲ್ಲಿ ಸಿಗುವ ಸೂಜಿಯಿಲ್ಲದ 5 ಮಿಲಿ ಸಿರಿಂಜು, 30 ಮಿಲಿ ಪೆಗ್ ಅಳತೆ, ಗ್ಲಾಸು ಮುಚ್ಚಲು ಸಣ್ಣ ತಾಟು, ಉಗುಳಲು ಒಂದು ತಂಬಿಗೆ, ನೋಟುಬುಕ್ಕು. ಇದರಲ್ಲಿ ಬಿಡಲೇಬಾರದ್ದು ಸಿರಿಂಜು. ಬಾಟಲಿಯ ಮುಚ್ಚಳದಿಂದ ನೀರು ಅಳೆಯುವವರ ಲೆಕ್ಕ ದಿನಕ್ಕೊಂದು ಬರುತ್ತದೆ.

ಹಂತ 1: ಬಾಟಲಿ ಆರಿಸುವುದು

ಮೊದಲ ಸಲವೇ 750 ಮಿಲಿ ಬಾಟಲಿ ತರಬೇಡಿ. 180 ಮಿಲಿ ಕ್ವಾರ್ಟರ್ ಸಿಕ್ಕರೆ ಅದು, ಇಲ್ಲವಾದರೆ 375. ಇಬ್ಬರು ಮೂವರು ಸೇರಿ ಬೇರೆ ಬೇರೆ ಬಗೆಯ ಒಂದೊಂದು ತಂದು ಹಂಚಿಕೊಂಡರೆ ಖರ್ಚೂ ಉಳಿಯುತ್ತದೆ, ಹೋಲಿಕೆಯೂ ಸಿಗುತ್ತದೆ.

ಲೇಬಲ್ಲಿನಲ್ಲಿ ಎರಡು ವಿಷಯ ನೋಡಿ. ಒಂದು, ಶೇಕಡಾವಾರು ಆಲ್ಕೋಹಾಲ್. ನಮ್ಮ ದೇಶದ ಸಾಮಾನ್ಯ ವಿಸ್ಕಿ 42.8 ಇರುತ್ತದೆ. ಸ್ಕಾಚ್‌ಗೆ ಕಾನೂನಿನ ಕನಿಷ್ಠ ಮಿತಿ 40. ಪಾಲ್ ಜಾನ್‌ನ ಬ್ರಿಲಿಯನ್ಸ್, ಎಡಿಟೆಡ್, ಬೋಲ್ಡ್ ಮೂರೂ 46. ಅಮೃತ್ ಫ್ಯೂಷನ್ 50. ನೀರಿನ ಲೆಕ್ಕವೆಲ್ಲ ಈ ಅಂಕಿಯಿಂದಲೇ ಶುರುವಾಗುತ್ತದೆ. ಎರಡು, ಯಾವುದರಿಂದ ಮಾಡಿದ್ದು. ಭಾರತದ ಅಗ್ಗದ ಬ್ಲೆಂಡುಗಳಲ್ಲಿ ಹೆಚ್ಚಿನವು ಕಬ್ಬಿನ ಕಾಕಂಬಿಯಿಂದ ಬಂದ ಸ್ಪಿರಿಟ್‌ಗೆ ಸ್ವಲ್ಪ ಮಾಲ್ಟ್ ಬೆರೆಸಿದವು. ಸಿಂಗಲ್ ಮಾಲ್ಟ್ ಎಂದರೆ ಒಂದೇ ಭಟ್ಟಿಯಲ್ಲಿ ಮೊಳಕೆ ಬಾರ್ಲಿಯಿಂದ ಮಾತ್ರ ಇಳಿಸಿದ್ದು. ಅಮೆರಿಕದ ವಿಸ್ಕಿಯಾದ ಬರ್ಬನ್ನಿನಲ್ಲಿ ಕನಿಷ್ಠ ಶೇ. 51 ಮೆಕ್ಕೆಜೋಳ ಇರಬೇಕು, ಒಳಗೆ ಸುಟ್ಟ ಹೊಸ ಓಕ್ ಪೀಪಾಯಿಯಲ್ಲಿ ಇಡಬೇಕು. ಅದರ ಸಿಹಿ, ವೆನಿಲಾ ವಾಸನೆ ಬರುವುದು ಅಲ್ಲಿಂದ.

ಹೋಲಿಕೆಗೆ ಈ ನಾಲ್ಕು ಬಗೆ ಸಾಕು: ಒಂದು ಸಾಮಾನ್ಯ ಭಾರತೀಯ ಬ್ಲೆಂಡು, ಒಂದು ಬ್ಲೆಂಡೆಡ್ ಸ್ಕಾಚ್, ಹೊಗೆಯಿಲ್ಲದ ಒಂದು ಸಿಂಗಲ್ ಮಾಲ್ಟ್, ಹೊಗೆ ಇರುವ ಒಂದು ಸಿಂಗಲ್ ಮಾಲ್ಟ್. ಕೊನೆಯ ಎರಡಕ್ಕೆ ಬ್ರಿಲಿಯನ್ಸ್ ಮತ್ತು ಬೋಲ್ಡ್ ಒಳ್ಳೆಯ ಜೋಡಿ: ಮನೆತನ ಒಂದೇ, ಶೇಕಡಾ ಒಂದೇ, ನಡುವಿನ ಮುಖ್ಯ ವ್ಯತ್ಯಾಸ ಪೀಟ್ (ಜೌಗು ನೆಲದಲ್ಲಿ ಕೊಳೆತ ಗಿಡಗಳಿಂದಾದ, ಒಣಗಿಸಿ ಉರಿಸುವ ಮಣ್ಣು) ಹೊಗೆ.

ಬಣ್ಣ ನೋಡಿ ಕೊಳ್ಳಬೇಡಿ. ಸ್ಕಾಚ್‌ಗೂ ಕ್ಯಾರಮೆಲ್ ಬಣ್ಣ ಹಾಕಲು ಕಾನೂನು ಬಿಡುತ್ತದೆ. ಪೀಪಾಯಿಯಲ್ಲಿ ಎಷ್ಟು ವರ್ಷ ಇಟ್ಟಿದ್ದು ಎಂಬ ಅಂಕಿಯನ್ನೂ ಅತಿಯಾಗಿ ನಂಬಬೇಡಿ. ಸ್ಕಾಟ್ಲೆಂಡಿನ ತಂಪಿನಲ್ಲಿ ಪೀಪಾಯಿಯಿಂದ ವರ್ಷಕ್ಕೆ ಸುಮಾರು ಶೇ. 2 ಆವಿಯಾದರೆ ಬೆಂಗಳೂರಿನಲ್ಲಿ ಶೇ. 10ರ ಮೇಲೆ ಹೋಗುತ್ತದೆ. ಇಲ್ಲಿ ನಾಲ್ಕೈದು ವರ್ಷಕ್ಕೇ ಕಟ್ಟಿಗೆಯ ಗುಣ ಒಳಗಿಳಿದಿರುತ್ತದೆ. ಅಲ್ಲಿನ 12 ಮತ್ತು ಇಲ್ಲಿನ 5 ಒಂದೇ ತಕ್ಕಡಿಗೆ ಬರುವಂಥವಲ್ಲ.

ಗೋವಾದಿಂದ ಅಗ್ಗಕ್ಕೆ ತರುವ ಆಸೆ ಹುಬ್ಬಳ್ಳಿಯವರಿಗೆ ಇದ್ದೇ ಇದೆ. ಗೋವಾದಲ್ಲಷ್ಟೇ ಮಾರಾಟಕ್ಕೆ ಎಂದು ಬರೆದ ಬಾಟಲಿ ಪರವಾನಗಿಯಿಲ್ಲದೆ ಗಡಿ ದಾಟಿದರೆ ಅಬಕಾರಿ ಕೇಸು. ಅನಮೋಡ, ಮಾಜಾಳಿ ಎರಡೂ ದಾರಿಯಲ್ಲಿ ತನಿಖಾ ಠಾಣೆ ಇದೆ. ಉಳಿಸಿದ ಹಣಕ್ಕಿಂತ ವಕೀಲರ ಫೀಸು ದೊಡ್ಡದು.

ಹಂತ 2: ನೀರು ಸರಿಪಡಿಸಿ

ಹೆಚ್ಚಿನವರು ಎಡವುವುದು ಇಲ್ಲಿ, ಅದಕ್ಕೇ ಇದಕ್ಕೆ ಸಮಯ ಕೊಡಿ. ಹುಬ್ಬಳ್ಳಿ-ಧಾರವಾಡಕ್ಕೆ ಬರುವ ಮಲಪ್ರಭೆಯ ನೀರಿಗೆ ಕ್ಲೋರಿನ್ ಹಾಕಿರುತ್ತಾರೆ. ಹಲವು ಕಡೆ ದಿನಾಲೂ ಬಾರದ್ದರಿಂದ ಸಿಂಟೆಕ್ಸಿನಲ್ಲಿ ತುಂಬಿಟ್ಟ ನೀರಿಗೆ ಪ್ಲಾಸ್ಟಿಕ್ಕಿನ ವಾಸನೆಯೂ ಸೇರುತ್ತದೆ. ಗದಗ ಕಡೆ ಬೋರಿನ ನೀರಾದರೆ ಗಡಸು. ಸುಣ್ಣದಂಥ ಒಗರು ವಿಸ್ಕಿಯ ಸಿಹಿಯನ್ನು ಮುಚ್ಚಿಹಾಕುತ್ತದೆ.

ಪರೀಕ್ಷೆ ಸುಲಭ. ಸ್ವಚ್ಛ ಗಾಜಿನ ಬಾಟಲಿಗೆ ಅರ್ಧ ನೀರು ಹಾಕಿ, ಮುಚ್ಚಿ, ಹತ್ತು ಸಲ ಕುಲುಕಿ, ಮುಚ್ಚಳ ತೆಗೆದ ಕೂಡಲೇ ಮೂಸಿ. ಏನಾದರೂ ವಾಸನೆ ಬಂದರೆ ಆ ನೀರು ಬೇಡ.

ಕ್ಲೋರಿನ್ ವಾಸನೆಗೆ ಎರಡು ಉಪಾಯ. ಅಗಲ ಬಾಯಿಯ ಪಾತ್ರೆಯಲ್ಲಿ ಮುಚ್ಚಳವಿಲ್ಲದೆ 10–15 ನಿಮಿಷ ಕುದಿಸಿ ಆರಿಸಿ. ಅಥವಾ ತೆಳು ಬಟ್ಟೆ ಕಟ್ಟಿ ರಾತ್ರಿಯಿಡೀ ಇಡಿ. ಬೋರಿನ ಗಡಸಿಗೆ ಕುದಿಸುವುದು ಅರ್ಧ ಮದ್ದು ಮಾತ್ರ, ಆರ್‌ಒ ನೀರೇ ಬೇಕು. ಊರಿನ ಶುದ್ಧ ಕುಡಿಯುವ ನೀರಿನ ಘಟಕದ ನೀರು ಸಾಕು. ಟಿಡಿಎಸ್ (ನೀರಿನಲ್ಲಿ ಕರಗಿದ ಲವಣಗಳ ಪ್ರಮಾಣ) ಮೀಟರ್ ಇದ್ದವರು 50ರಿಂದ 150ರ ಒಳಗೆ ಇದೆಯೇ ನೋಡಿಕೊಳ್ಳಿ. ಕ್ಯಾನು ಮಾತ್ರ ತೊಳೆದದ್ದಿರಲಿ. ತಿಂಗಳುಗಟ್ಟಲೆ ತೊಳೆಯದ ಕ್ಯಾನಿನ ಪಾಚಿ ವಾಸನೆ ಹನಿ ನೀರಿನಲ್ಲೂ ಗೊತ್ತಾಗುತ್ತದೆ.

ಹಂತ 3: ಗ್ಲಾಸು

ಬಾಯಿ ಕಿರಿದು, ಹೊಟ್ಟೆ ಅಗಲ. ಅಷ್ಟೇ ಬೇಕಾದದ್ದು. ಟ್ಯೂಲಿಪ್ ಹೂವಿನ ಆಕಾರದ ಗ್ಲೆನ್‌ಕೇರ್ನ್ ಸಿಕ್ಕರೆ ಸರಿ, ಇಲ್ಲವಾದರೆ ಸಣ್ಣ ವೈನ್ ಗ್ಲಾಸು. ಸ್ಟೀಲ್ ಲೋಟ ಬೇಡ, ಲೋಹದ ವಾಸನೆ ಅಡ್ಡ ಬರುತ್ತದೆ. ನಿಂಬೆ ವಾಸನೆಯ ಪಾತ್ರೆ ಸೋಪಿನಲ್ಲಿ ತೊಳೆದಿದ್ದರೆ ಬಿಸಿನೀರಿನಲ್ಲಿ ಎರಡು ಸಲ ಜಾಲಿಸಿ. ಅಡುಗೆಮನೆಯ ಬಟ್ಟೆಯಿಂದ ಒರೆಸಬೇಡಿ. ಒಗ್ಗರಣೆಯ ವಾಸನೆ ಗ್ಲಾಸಿಗೆ ಹತ್ತಿದರೆ ಆಮೇಲೆ ವಿಸ್ಕಿಯಲ್ಲಿ ಸಾಸಿವೆ ಹುಡುಕುತ್ತ ಕೂರಬೇಕಾಗುತ್ತದೆ.

ಹಂತ 4: ಸೆಕೆ ಇಳಿಸಿ

ಪುಸ್ತಕಗಳು 'ಕೋಣೆಯ ಉಷ್ಣತೆಯಲ್ಲಿ ಕುಡಿಯಿರಿ' ಎನ್ನುತ್ತವೆ. ಅವರ ಕೋಣೆ 18–20 ಡಿಗ್ರಿಯದ್ದು. ನಮ್ಮಲ್ಲಿ ಏಪ್ರಿಲ್ ಸಂಜೆ ಕಪಾಟಿನೊಳಗಿನ ಬಾಟಲಿಯೇ 32 ಡಿಗ್ರಿ ಇರುತ್ತದೆ. ಉಷ್ಣತೆ ಏರಿದಂತೆ ಆಲ್ಕೋಹಾಲಿನ ಆವಿ ಹೆಚ್ಚಿ, ಹಣ್ಣು ಹೂವಿನ ಸೂಕ್ಷ್ಮ ವಾಸನೆಗಿಂತ ಮುಂಚೆ ಅದೇ ಮೂಗಿಗೆ ಚುಚ್ಚುತ್ತದೆ. 'ಸ್ಪಿರಿಟ್ ವಾಸನೆ' ಎಂಬ ದೂರಿನ ಅರ್ಧಪಾಲು ಇದು.

ಬೇಸಿಗೆಯಲ್ಲಿ ಬಾಟಲಿಯನ್ನು ಫ್ರಿಜ್ಜಿನ ಕೆಳಗಿನ ಅರೆಯಲ್ಲಿ 30–40 ನಿಮಿಷ ಇಡಿ, ಅಥವಾ ಒದ್ದೆ ಬಟ್ಟೆ ಸುತ್ತಿ ಫ್ಯಾನಿನ ಕೆಳಗೆ ಇಡಿ. ಮುಟ್ಟಿದರೆ ತಣ್ಣಗೆನಿಸಬೇಕು, ಹೊರಗೆ ಹನಿಗಟ್ಟಬಾರದು. ಹೆಚ್ಚು ಕಡಿಮೆ 20 ಡಿಗ್ರಿ ಆಸುಪಾಸು. ಫ್ರೀಜರ್ ಬೇಡ. ಅತಿ ತಂಪಿನಲ್ಲಿ ವಾಸನೆಯೇ ಏಳುವುದಿಲ್ಲ, ನಾಲಿಗೆ ಜಡವಾಗುತ್ತದೆ, ಕಹಿ ಮಾತ್ರ ಉಳಿಯುತ್ತದೆ. ಧಾರವಾಡದ ಡಿಸೆಂಬರ್ ರಾತ್ರಿಗೆ ಈ ಹಂತವೇ ಬೇಡ.

ಹಂತ 5: ಮೊದಲು ಮೂಗು, ಆಮೇಲೆ ಬಾಯಿ

ಎಲೆ ಅಡಿಕೆ, ಗುಟ್ಕಾ, ಸಿಗರೇಟು, ಖಾರದ ಊಟ ಆಗಿ ಒಂದು ತಾಸಾದರೂ ಕಳೆದಿರಬೇಕು. ಸುಣ್ಣ ಹತ್ತಿದ ನಾಲಿಗೆಗೆ ಯಾವ ಮಾಲ್ಟೂ ಒಂದೇ. ಅಗರಬತ್ತಿ, ಮೈಗೆ ಹೊಡೆದುಕೊಂಡ ಸೆಂಟು ಇವೂ ಶತ್ರುಗಳೇ.

ಕಿರಿದು ಬಾಯಿಯ ಗ್ಲಾಸಿಗೆ 15 ಮಿಲಿ ಹಾಕಿ, ತಾಟು ಮುಚ್ಚಿ ಐದು ನಿಮಿಷ ಬಿಡಿ. ತೆಗೆದ ಮೇಲೆ ಗ್ಲಾಸನ್ನು ಗದ್ದದ ಮಟ್ಟದಲ್ಲಿ ಹಿಡಿದು ನಿಧಾನವಾಗಿ ಮೇಲೆ ತನ್ನಿ. ತುಟಿ ಸ್ವಲ್ಪ ತೆರೆದಿರಲಿ. ಆಗ ಚುರುಕು ಕಡಿಮೆಯಾಗುತ್ತದೆ. ಅತ್ತರು ಮೂಸಿದಂತೆ ಜೋರಾಗಿ ಎಳೆದರೆ ಮೂಗು ಒಂದೆರಡು ನಿಮಿಷ ಮರಗಟ್ಟಿ, ಮುಂದಿನದೆಲ್ಲ ವ್ಯರ್ಥ. ಮಧ್ಯೆ ಮೂಗು ಸೋತರೆ ನಿಮ್ಮ ಅಂಗಿಯ ತೋಳನ್ನೇ ಒಮ್ಮೆ ಮೂಸಿ, ಪರಿಚಿತ ವಾಸನೆ ಅದನ್ನು ತಿರುಗಿ ದಾರಿಗೆ ತರುತ್ತದೆ.

ವಾಸನೆಗೆ ಹೆಸರಿಡಲು ಲೇಬಲ್ಲಿನ ಹಿಂದಿನ ಹೆದರ್ ಹೂವು, ಕ್ರಿಸ್‌ಮಸ್ ಕೇಕು ಬೇಡ. ಇಲ್ಲಿ ಮೂಸಿ ಗೊತ್ತಿರುವುದನ್ನೇ ಬರೆಯಿರಿ. ಒಣದ್ರಾಕ್ಷಿ, ಉತ್ತತ್ತಿ ಬಂದರೆ ಸಾಮಾನ್ಯವಾಗಿ ಶೆರಿ ವೈನು ತುಂಬಿದ್ದ ಪೀಪಾಯಿ. ಒಣಕೊಬ್ಬರಿ, ವೆನಿಲಾ, ಧಾರವಾಡ ಪೇಡೆಯ ಕೆಂಪಗೆ ಕಾಸಿದ ಹಾಲು ಬಂದರೆ ಅಮೆರಿಕನ್ ಓಕ್. ಬಾಳೆಹಣ್ಣು, ಪೇರಲ, ಸೇಬು ಬರುವುದು ಹುದುಗುವಾಗ ಹುಟ್ಟುವ ಎಸ್ಟರ್‌ಗಳಿಂದ. ಆಲೆಮನೆಯ ಕೊಪ್ಪರಿಗೆ ನೆನಪಾದರೆ ಕಾಕಂಬಿಯ ಸ್ಪಿರಿಟ್ ಇರಬಹುದೆಂದು ಅನುಮಾನಿಸಿ, ತೀರ್ಮಾನಿಸಬೇಡಿ. ಸೀತನಿ (ಹಸಿ ಜೋಳದ ತೆನೆ) ಸುಡುವ ಹೊಗೆ, ಟಿಂಚರ್ ಅಯೋಡಿನ್, ಆಸ್ಪತ್ರೆ ವಾರ್ಡು: ಇದು ಪೀಟ್, ಬಾರ್ಲಿ ಒಣಗಿಸುವಾಗ ಹತ್ತಿದ ಫೀನಾಲ್. ಇದನ್ನು ಮೊದಲ ಸಲ ಮೂಸಿದವರು ಬಾಟಲಿ ಕೆಟ್ಟಿದೆ ಎಂದುಕೊಳ್ಳುತ್ತಾರೆ. ಕೆಟ್ಟಿಲ್ಲ. ಇಷ್ಟವಾಗದಿದ್ದರೆ ಮಾತ್ರ ಬಲವಂತ ಬೇಡ, ಹೊಗೆ ಒಗ್ಗದವರು ಎಷ್ಟೋ ಜನ.

ಬಾಯಿಗೆ ಹೋದಾಗ ಮೊದಲ ಗುಟುಕನ್ನು ಲೆಕ್ಕಕ್ಕೆ ಹಿಡಿಯಬೇಡಿ. ಅದು ನಾಲಿಗೆಯನ್ನು ಆಲ್ಕೋಹಾಲಿಗೆ ಹದಗೊಳಿಸಲು. ಎರಡನೆಯದು 2–3 ಮಿಲಿ, ಬಾಯೊಳಗೆ ಹತ್ತು ಎಣಿಸುವಷ್ಟು ಹೊತ್ತು ಹೊರಳಾಡಿಸಿ ನುಂಗಿ ಅಥವಾ ತಂಬಿಗೆಗೆ ಉಗುಳಿ. ನುಂಗಿದ ಮೇಲೆ ರುಚಿ ಎಷ್ಟು ಹೊತ್ತು ನಿಂತಿತು, ಕೊನೆಗೆ ಸಿಹಿಯೋ ಒಗರೋ ಎಂದು ಬರೆಯಿರಿ.

ಹಂತ 6: ಐದು ಗ್ಲಾಸಿನ ಪರೀಕ್ಷೆ

ಇಡೀ ಕೆಲಸದ ನಡುಗಂಬ ಇದು. ನೀಟ್, ಅಂದರೆ ನೀರು ಬೆರೆಸದೆ, ಕುಡಿಯುವುದೇ ಗಂಡಸುತನ ಎಂಬ ಮಾತಿಗೆ ಅರ್ಥವಿಲ್ಲ. ಬ್ಲೆಂಡು ಮಾಡುವ ವೃತ್ತಿಯವರೇ ಸ್ಯಾಂಪಲ್ಲುಗಳಿಗೆ ನೀರು ಬೆರೆಸಿ, ಶೇ. 20ರ ಸುತ್ತಮುತ್ತ ಇಳಿಸಿ ಮೂಸುತ್ತಾರೆ. ನೀರು ಏನು ಮಾಡುತ್ತದೆ ಎನ್ನುವುದಕ್ಕೂ ವಿವರಣೆ ಇದೆ. 2017ರಲ್ಲಿ ಸ್ವೀಡನ್ನಿನ ಲಿನಿಯಸ್ ವಿಶ್ವವಿದ್ಯಾಲಯದ ಕಾರ್ಲ್ಸನ್ ಮತ್ತು ಫ್ರೀಡ್‌ಮನ್ ಕಂಪ್ಯೂಟರ್ ಮಾದರಿಯಲ್ಲಿ ತೋರಿಸಿದ್ದು: ಹೊಗೆಯ ರುಚಿ ಕೊಡುವ ಗ್ವಾಯಕಾಲ್ ಎಂಬ ಅಂಶ, ಆಲ್ಕೋಹಾಲ್ ಶೇ. 45ರವರೆಗೆ ಇದ್ದಾಗ ದ್ರವದ ಮೇಲ್ಮೈಗೆ ಬಂದು ನಿಲ್ಲುತ್ತದೆ, ಶೇ. 59 ದಾಟಿದರೆ ಆಲ್ಕೋಹಾಲಿನ ಸುತ್ತುವರಿಕೆಯಲ್ಲಿ ಒಳಗೇ ಉಳಿಯುತ್ತದೆ. ಮೇಲೆ ಬಂದದ್ದು ಮೂಗಿಗೆ ಸಿಗುತ್ತದೆ.

ಮಾಡುವ ಬಗೆ ಹೀಗೆ.

1. ಐದೂ ಗ್ಲಾಸಿಗೆ ಸಿರಿಂಜಿನಿಂದ 5 ಮಿಲಿ ವಿಸ್ಕಿ ಹಾಕಿ. ಒಟ್ಟು 25 ಮಿಲಿ, ಒಂದು ಸಣ್ಣ ಪೆಗ್ಗಿಗಿಂತ ಕಡಿಮೆ.

2. ಸಿರಿಂಜು ತೊಳೆದು, ಸರಿಪಡಿಸಿದ ನೀರನ್ನು ಕ್ರಮವಾಗಿ 0, 1, 2.5, 5, 10 ಮಿಲಿ ಸೇರಿಸಿ. ವಿಸ್ಕಿ 42.8 ಇದ್ದರೆ ಗ್ಲಾಸುಗಳಲ್ಲಿ ಈಗ ಶೇ. 42.8, 35.7, 28.5, 21.4, 14.3 ಇದೆ.

3. ಗ್ಲಾಸಿನ ಅಡಿಗೆ ಚೀಟಿ ಅಂಟಿಸಿ, ತಾಟು ಮುಚ್ಚಿ ಮೂರು ನಿಮಿಷ ಬಿಡಿ. ನೀರು ಹಾಕಿದ ಕೂಡಲೇ ಮೂಸುವುದು ಸಾಮಾನ್ಯ ತಪ್ಪು.

4. ನೀರು ಹೆಚ್ಚಿರುವ ಗ್ಲಾಸಿನಿಂದ ಶುರು ಮಾಡಿ ನೀಟ್ ಕಡೆಗೆ ಬನ್ನಿ. ಉಲ್ಟಾ ಹೋದರೆ ಮೊದಲ ಗ್ಲಾಸೇ ನಾಲಿಗೆ ಸುಟ್ಟು, ಉಳಿದ ನಾಲ್ಕೂ ಸಪ್ಪೆ ಎನಿಸುತ್ತವೆ. ಬಹುತೇಕರು 'ನನಗೆ ನೀಟೇ ಇಷ್ಟ' ಎಂಬ ತಪ್ಪು ತೀರ್ಮಾನಕ್ಕೆ ಬರುವುದು ಹೀಗೆ.

5. ಪ್ರತಿ ಗ್ಲಾಸಿನ ನಡುವೆ ಒಂದು ಗುಟುಕು ನೀರು, ಒಂದು ನಿಮಿಷ ಬಿಡುವು.

6. ಚಲೋ ಎನಿಸಿದ ಎರಡು ಗ್ಲಾಸು ಗುರುತಿಸಿ. ಮರುದಿನ ಆ ಎರಡರ ನಡುವಿನ ಅಳತೆಗಳನ್ನು ಅರ್ಧ ಮಿಲಿ ಅಂತರದಲ್ಲಿ ಇಟ್ಟು ನೋಡಿ.

ಸಿಕ್ಕ ಅಳತೆಯನ್ನು ಆರರಿಂದ ಗುಣಿಸಿದರೆ 30 ಮಿಲಿ ಪೆಗ್ಗಿನ ನೀರು. 1 ಮಿಲಿ ಇಷ್ಟವಾದರೆ ಪೆಗ್ಗಿಗೆ 6, 2.5 ಆದರೆ 15. 5 ಆದರೆ ಸಮಸಮ. ಹೊಸಬರಲ್ಲಿ ಹೆಚ್ಚಿನವರಿಗೆ 2.5 ಮತ್ತು 5ರ ನಡುವೆ ಎಲ್ಲೋ ಹೊಂದುತ್ತದೆ. ಹಾಗಂತ ಅದನ್ನೇ ಗುರಿಯಾಗಿಟ್ಟು ಹೋಗಬೇಡಿ, ನಾಲಿಗೆ ನಿಮ್ಮದು. ಬಾಟಲಿ ಬದಲಾದರೆ ಪರೀಕ್ಷೆಯೂ ಹೊಸದು: 46ರ ಮಾಲ್ಟ್‌ಗೂ 42.8ರ ಬ್ಲೆಂಡಿಗೂ ಒಂದೇ ನೀರು ಕೂಡುವುದಿಲ್ಲ. ಶೆರಿ ಪೀಪಾಯಿಯ ದಪ್ಪ ವಿಸ್ಕಿ ನೀರು ತಡೆಯುತ್ತದೆ. ಹಗುರ ಬ್ಲೆಂಡು ಬೇಗ ಸಪ್ಪೆಯಾಗುತ್ತದೆ.

ಎಚ್ಚರಿಕೆಯ ಗುರುತು: ನೀರು ಹಾಕಿದಾಗ ಒದ್ದೆ ರಟ್ಟಿನ ವಾಸನೆ, ಬಾಯಿಯಲ್ಲಿ ಬರೀ ಕಹಿ ಉಳಿದರೆ ಅಳತೆ ಮೀರಿದೆ. ಕಣ್ಣಲ್ಲಿ ನೀರು ಬಂದರೆ ಇನ್ನೂ ಬೇಕು. ತಂಪು ನೀರಿಗೆ ವಿಸ್ಕಿ ಮಸುಕಾದರೆ ಗಾಬರಿ ಬೇಡ. ತಂಪುಶೋಧನೆ (ತಣ್ಣಗೆ ಮಾಡಿ ಸೋಸುವುದು) ಮಾಡದ ಮಾಲ್ಟ್‌ಗಳಲ್ಲಿ ಕೊಬ್ಬಿನಾಮ್ಲಗಳ ಎಸ್ಟರ್‌ಗಳು ಹೀಗೆ ಹೊರಬರುತ್ತವೆ.

ಹಂತ 7: ಐಸ್ ಎಂದರೂ ನೀರೇ

ನೀರಿನ ಅಳತೆ ತಿಳಿಯುವವರೆಗೆ ಐಸ್ ಮುಟ್ಟಬೇಡಿ. ಮನೆಯ ಟ್ರೇಯ ಒಂದು ತುಂಡು ಕರಗಿದರೆ ಸುಮಾರು 15–20 ಮಿಲಿ. ಎರಡು ತುಂಡು ಹಾಕಿ ಅರ್ಧ ತಾಸು ಮಾತಾಡುತ್ತ ಕೂತರೆ ಪೆಗ್ಗಿನಷ್ಟೇ ನೀರು ಸೇರಿತು. ಮೊದಲ ಗುಟುಕು ಚಲೋ ಇತ್ತು, ಕೊನೆಯದು ಸಪ್ಪೆ ಎನ್ನುವವರ ರಹಸ್ಯ ಇಷ್ಟೇ.

ತುಂಡು ದೊಡ್ಡದಿದ್ದಷ್ಟೂ ನಿಧಾನ ಕರಗುತ್ತದೆ. ಸಣ್ಣ ಸ್ಟೀಲ್ ವಾಟಿಯಲ್ಲಿ 60–70 ಮಿಲಿ ನೀರು ಗಟ್ಟಿಗೊಳಿಸಿ, ಹೊರಗೆ ನೀರು ಬಿಟ್ಟು ಬಿಡಿಸಿಕೊಂಡರೆ ಒಂದು ಗ್ಲಾಸಿಗೆ ಒಂದೇ ಗಡ್ಡೆ ಸಾಕು. ಅರೆಬರೆ ಕರಗಿ ಒದ್ದೆಯಾದ ಐಸ್ ಹಾಕಬೇಡಿ, ಅದು ನೀರನ್ನೇ ಮೊದಲು ಬಿಡುತ್ತದೆ.

ನಮ್ಮ ಫ್ರಿಜ್ಜುಗಳ ವಿಶೇಷ ಸಮಸ್ಯೆ ರಂಜಕ. ಬೆಳ್ಳುಳ್ಳಿ ಹಾಕಿ ಅರೆದ ಕೆಂಪು ಖಾರ ಒಳಗಿದ್ದರೆ ಐಸ್ ಆ ವಾಸನೆ ಹೀರಿಕೊಳ್ಳದೆ ಬಿಡದು. ಐಸ್ ಟ್ರೇಗೆ ಮುಚ್ಚಳ ಇರಲಿ, ಎರಡು ದಿನ ಮೀರಿದ ಐಸ್ ಗಿಡಕ್ಕೆ ಹಾಕಿ.

ಹಂತ 8: ಸೋಡಾ, ಬಿಸಿನೀರು, ಕೋಲಾ

ಸೋಡಾದ ಗುಳ್ಳೆ ವಾಸನೆಯನ್ನು ಬೇಗ ಮೇಲೆತ್ತುತ್ತದೆ, ಅದರ ಹುಳಿ ನಾಲಿಗೆಯನ್ನು ಚುಚ್ಚುತ್ತದೆ. ಬ್ಲೆಂಡಿಗೆ ಒಳ್ಳೆಯದು; ದುಬಾರಿ ಮಾಲ್ಟ್‌ಗೆ ವ್ಯರ್ಥ. ಕ್ರಮ ಮುಖ್ಯ: ಎತ್ತರದ ಗ್ಲಾಸು ತುಂಬ ಐಸ್, ಕರಗಿದ ನೀರು ಚೆಲ್ಲಿ, 30 ಮಿಲಿ ವಿಸ್ಕಿ ಹಾಕಿ ಹತ್ತು ಸಲ ಕಲಕಿ ತಣ್ಣಗೆ ಮಾಡಿ, ಆಮೇಲೆ ಫ್ರಿಜ್ಜಿನಲ್ಲಿಟ್ಟ ಸೋಡಾ 90 ಮಿಲಿ ಗ್ಲಾಸಿನ ಅಂಚಿನಿಂದ ಇಳಿಸಿ, ಚಮಚದಿಂದ ಒಂದೇ ಸಲ ಮೇಲೆತ್ತಿ. ಬೆಚ್ಚಗಿನ ಸೋಡಾ ಐಸ್ ಮುಟ್ಟಿದ ಕೂಡಲೇ ನೊರೆಯೆದ್ದು ಸತ್ತುಹೋಗುತ್ತದೆ.

ಮಳೆಗಾಲಕ್ಕೆ ಬಿಸಿನೀರು ಕೇಳುವವರು ಇಲ್ಲಿ ಬಹಳ. 30 ಮಿಲಿಗೆ 90 ಮಿಲಿ, ಆದರೆ ಕುದಿಯುವ ನೀರಲ್ಲ. ಆಲ್ಕೋಹಾಲ್ 78 ಡಿಗ್ರಿಗೆ ಕುದಿಯುತ್ತದೆ. ಸುಡುಸುಡು ಹಾಕಿದರೆ ಆವಿ ನೇರ ಮೂಗಿಗೆ ಹೊಡೆದು ಕೆಮ್ಮು ಬರುತ್ತದೆ. ಕುದಿದ ಮೇಲೆ ಐದಾರು ನಿಮಿಷ ಆರಲಿ. ಚೂರು ಬೆಲ್ಲ, ಅರ್ಧ ಏಲಕ್ಕಿ ಹಾಕಿದರೆ ಬ್ಲೆಂಡಿಗೆ ಹೊಂದುತ್ತದೆ. ಇದು ನೆಗಡಿಯ ಮದ್ದೆಂಬುದು ಸುಳ್ಳು.

ಕೋಲಾ ಹಾಕಿಕೊಳ್ಳುವವರು ಹಾಕಿಕೊಳ್ಳಲಿ. ಸಕ್ಕರೆ ಎಲ್ಲವನ್ನೂ ಮುಚ್ಚುವುದರಿಂದ ಅದಕ್ಕೆ ಅಗ್ಗದ ಬಾಟಲಿ ಸಾಕು. ಸಿಹಿಯಲ್ಲಿ ಎಷ್ಟು ಕುಡಿದೆವೆಂಬುದೂ ಮುಚ್ಚಿಹೋಗುತ್ತದೆ, ಅಷ್ಟು ನೆನಪಿಡಿ.

ಹಂತ 9: ಪಕ್ಕದ ತಾಟಿನಲ್ಲಿ ಏನಿರಬೇಕು

ಖಾಲಿ ಹೊಟ್ಟೆಯಲ್ಲಿ ಬೇಡ, ಮಿರ್ಚಿ ಭಜಿಯ ಜೊತೆಗೂ ಬೇಡ. ಮೆಣಸಿನಕಾಯಿಯ ಕ್ಯಾಪ್ಸೈಸಿನ್ ಮತ್ತು ಆಲ್ಕೋಹಾಲ್ ಎರಡೂ ಬಾಯಿಯಲ್ಲಿ ಬಿಸಿ ಗುರುತಿಸುವ ಒಂದೇ ನರದ್ವಾರವನ್ನು ತಟ್ಟುತ್ತವೆ. ಒಂದರ ಉರಿ ಇನ್ನೊಂದರದ್ದನ್ನು ಏರಿಸುತ್ತದೆ. ಭಜಿ ತಿಂದು ಗುಟುಕು ಹಾಕಿ 'ಈ ವಿಸ್ಕಿ ಬಹಳ ಸ್ಟ್ರಾಂಗ್' ಎನ್ನುವುದು ಭಜಿಯ ಬಗ್ಗೆ ಹೇಳಿದ ಮಾತು.

ರುಚಿ ನೋಡುವಾಗ ಉಪ್ಪು ಕಡಿಮೆ ಹಾಕಿ ಹುರಿದ ಶೇಂಗಾ, ಸೌತೆಕಾಯಿ, ಒಣ ಜೋಳದ ರೊಟ್ಟಿ ತುಂಡು ಸಾಕು. ರುಚಿ ನೋಡಿ ಮುಗಿದ ಮೇಲೆ ಜೋಡಿ ಹುಡುಕಬಹುದು: ಶೆರಿ ಪೀಪಾಯಿಯದ್ದಕ್ಕೆ ಅರ್ಧ ಧಾರವಾಡ ಪೇಡೆ, ಹೊಗೆಯದ್ದಕ್ಕೆ ಕೆಂಡದ ಮೇಲೆ ಸುಟ್ಟ ಬದನೇಕಾಯಿ ಅಥವಾ ಕೋಳಿ. ಸೋಡಾ ಬೆರೆಸಿದ ಬ್ಲೆಂಡಿನೊಂದಿಗೆ ಮಾತ್ರ ಗಿರ್ಮಿಟ್, ಸವಣೂರ ಖಾರ ನಡೆಯುತ್ತವೆ. ಆಗ ಶೇಕಡಾ ಹತ್ತರ ಆಸುಪಾಸಿಗೆ ಇಳಿದಿರುತ್ತದೆ, ಉರಿ ಏರುವುದಿಲ್ಲ.

ಹಂತ 10: ಕಣ್ಣು ಕಟ್ಟಿ ನೋಡಿ

ಬಾಟಲಿಯ ಬೆಲೆ ಗೊತ್ತಿದ್ದರೆ ನಾಲಿಗೆ ಸುಳ್ಳು ಹೇಳುತ್ತದೆ. ಇನ್ನೊಬ್ಬರ ಕೈಯಿಂದ ಮೂರು ಗ್ಲಾಸು ಹಾಕಿಸಿ: ಎರಡರಲ್ಲಿ ಒಂದೇ ವಿಸ್ಕಿ, ಒಂದರಲ್ಲಿ ಬೇರೆ. ತಲಾ 5 ಮಿಲಿ, ಎರಡೂ ಬಾಟಲಿಯನ್ನು ಒಂದೇ ಶೇಕಡಾಕ್ಕೆ ಇಳಿಸಿರಬೇಕು. ಇಲ್ಲದಿದ್ದರೆ ನೀವು ರುಚಿ ಗುರುತಿಸುವುದಿಲ್ಲ, ಖಾರ ಗುರುತಿಸುತ್ತೀರಿ. ಬೇರೆಯದನ್ನು ಹೆಕ್ಕಿ. ಊಹೆಯಿಂದಲೇ ಸರಿ ಬರುವ ಸಾಧ್ಯತೆ ಮೂರರಲ್ಲಿ ಒಂದು. ಮೂರು ಬೇರೆ ದಿನ ಮಾಡಿ ಮೂರೂ ಸಲ ಸರಿಯಾದರೆ, ಊಹೆಯಿಂದ ಹಾಗಾಗುವುದು 27ರಲ್ಲಿ ಒಂದು; ಆಗ ವ್ಯತ್ಯಾಸ ನಿಮಗೆ ನಿಜವಾಗಿ ತಿಳಿಯುತ್ತಿದೆ ಎನ್ನಬಹುದು. ತಿಳಿಯದಿದ್ದರೆ ಅಗ್ಗದ್ದನ್ನೇ ಕೊಳ್ಳಿ. ಇದರಲ್ಲಿ ನಾಚಿಕೆ ಏನಿಲ್ಲ, ದುಡ್ಡು ಉಳಿಯಿತು.

ನಿಲ್ಲಿಸಬೇಕಾದ ಗುರುತುಗಳು

42.8ರ 30 ಮಿಲಿಯಲ್ಲಿ ಸುಮಾರು 10 ಗ್ರಾಂ ಶುದ್ಧ ಆಲ್ಕೋಹಾಲ್ ಇದೆ. ಅದನ್ನು ಕರಗಿಸಲು ದೇಹಕ್ಕೆ ಒಂದು ತಾಸು, ಕೆಲವರಿಗೆ ಅದಕ್ಕೂ ಹೆಚ್ಚು ಬೇಕು. ಚಹಾ, ಮಜ್ಜಿಗೆ, ತಣ್ಣೀರ ಸ್ನಾನ ಯಾವುದೂ ಇದನ್ನು ಬೇಗ ಮಾಡುವುದಿಲ್ಲ. ವಾಸನೆಗಳ ನಡುವಿನ ವ್ಯತ್ಯಾಸ ತಿಳಿಯುವುದು ನಿಂತರೆ ಆ ದಿನದ ಪರೀಕ್ಷೆ ಮುಗಿಯಿತು. ಉಗುಳಿದರೂ ಸ್ವಲ್ಪ ಒಳಗೆ ಹೋಗಿರುತ್ತದೆ, ಆದ್ದರಿಂದ ಗಾಡಿ ಮುಟ್ಟಬೇಡಿ: 100 ಮಿಲಿ ರಕ್ತದಲ್ಲಿ 30 ಮಿಲಿಗ್ರಾಂ ದಾಟಿದರೆ ಮೋಟಾರು ವಾಹನ ಕಾಯ್ದೆಯ 185ನೇ ಕಲಮಿನಡಿ ಮೊದಲ ಸಲಕ್ಕೇ ಆರು ತಿಂಗಳವರೆಗೆ ಸಜೆ, 10,000 ರೂಪಾಯಿ ದಂಡ, ಅಥವಾ ಎರಡೂ.

ಸೀಲು ಒಡೆದ, ಅಬಕಾರಿ ಚೀಟಿ ಇಲ್ಲದ ಬಾಟಲಿ ಪುಕ್ಕಟೆ ಕೊಟ್ಟರೂ ಬೇಡ. ಮೆಥನಾಲ್ ಬೆರೆತದ್ದು ವಾಸನೆಯಿಂದಲೋ, ಬೆಂಕಿ ಹಚ್ಚಿ ಜ್ವಾಲೆ ನೋಡಿಯೋ ತಿಳಿಯುವುದಿಲ್ಲ. ಕುಡಿದ ಅರ್ಧ ದಿನ, ಒಂದು ದಿನದ ಮೇಲೆ ಕಣ್ಣು ಮಂಜಾದರೆ, ಹೊಟ್ಟೆನೋವು ವಾಂತಿ ಶುರುವಾದರೆ ಮಲಗಿ ನೋಡೋಣ ಎನ್ನದೆ ಹಿಂದೆ ಕಿಮ್ಸ್ ಎನ್ನುತ್ತಿದ್ದ ಹುಬ್ಬಳ್ಳಿಯ ಕೆಎಂಸಿಆರ್‌ಐ‌ನಂಥ ದೊಡ್ಡ ಆಸ್ಪತ್ರೆಗೆ ಓಡಬೇಕು. ಬೆಳಿಗ್ಗೆ ಎದ್ದರೆ ಕೈ ನಡುಗುತ್ತದೆ, ಒಂದು ಗುಟುಕು ಬಿದ್ದರೆ ನಿಲ್ಲುತ್ತದೆ ಎನ್ನುವವರಿಗೆ ರುಚಿಯ ಮಾರ್ಗದರ್ಶಿ ಕೆಲಸಕ್ಕೆ ಬಾರದು. ಒಮ್ಮೆಲೇ ಬಿಡುವುದೂ ಅಪಾಯ. ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ನಲ್ಲಿ ಡಾಕ್ಟರನ್ನು ಕಾಣಿ.

ಹಂತ 11: ಉಳಿದ ಬಾಟಲಿ ಇಡುವ ಬಗೆ

ವೈನಿನ ಬಾಟಲಿಯಂತೆ ಅಡ್ಡ ಮಲಗಿಸಬೇಡಿ. 40ರ ಮೇಲಿನ ಆಲ್ಕೋಹಾಲ್ ಬಿರಡೆಯನ್ನು ತಿಂದು ಪುಡಿ ಮಾಡುತ್ತದೆ. ನೆಟ್ಟಗೆ, ಕತ್ತಲಲ್ಲಿ, ಒಲೆಯಿಂದ ದೂರ ಇಡಿ. ತಗಡಿನ ಮಾಳಿಗೆಯ ಅಟ್ಟ, ಪಡುವಣ ಗೋಡೆಯ ಕಪಾಟು ಬೇಸಿಗೆಯಲ್ಲಿ ಕುಲುಮೆ. ಗಾಜಿನ ಷೋಕೇಸಿನಲ್ಲಿ ಬಿಸಿಲಿಗೆ ಹಿಡಿದ ಬಾಟಲಿಯ ಬಣ್ಣ, ವಾಸನೆ ಎರಡೂ ಸೊರಗುತ್ತವೆ.

ಸೀಲು ತೆಗೆದ ದಿನಾಂಕವನ್ನು ಬಾಟಲಿಯ ಬೆನ್ನಿಗೆ ಬರೆಯಿರಿ. ತುಂಬಿದ ಬಾಟಲಿಗೆ ಒಂದು ವರ್ಷ ಚಿಂತೆಯಿಲ್ಲ. ಮೂರನೇ ಒಂದು ಪಾಲಿಗೆ ಇಳಿದರೆ ಒಳಗಿನ ಗಾಳಿ ಕೆಲಸ ಶುರು ಮಾಡುತ್ತದೆ, ಹೊಗೆಯ ವಿಸ್ಕಿಯಲ್ಲಿ ಹೊಗೆಯೇ ಮೊದಲು ಮಾಯ. ಆಗ ಬಿಸಿನೀರಿನಲ್ಲಿ ತೊಳೆದು ಪೂರ್ತಿ ಒಣಗಿಸಿದ ಖಾಲಿ ಗಾಜಿನ ಕ್ವಾರ್ಟರ್ ಬಾಟಲಿಗೆ ಕುತ್ತಿಗೆಯವರೆಗೆ ತುಂಬಿ, ಮುಚ್ಚಳ ಬಿಗಿ ಮಾಡಿ, ಹೆಸರು ಮತ್ತು ನಿಮ್ಮ ನೀರಿನ ಅಳತೆ ಎರಡನ್ನೂ ಚೀಟಿಯಲ್ಲಿ ಬರೆದು ಅಂಟಿಸಿ.